ಒಬ್ಬರೇ ನಿಲ್ಲುವ ಗ್ಯಾಲರಿ

ಎಲ್ಲರಿಗೂ ನಮಸ್ಕಾರ.

ನಮ್ಮಪ್ಪ ಬಸ್ ಸ್ಟ್ಯಾಂಡಿನ ಎದುರು ಎಸ್‌ಟಿಡಿ ಬೂತ್ ಇಟ್ಟಿದ್ದರು. ಹೊರಗೆ ಹಳದಿ ಬೋರ್ಡು. ಒಳಗೆ ಒಂದು ಮೇಜು, ಒಂದು ಬೆಂಚು, ಮೂಲೆಯಲ್ಲಿ ಪ್ಲೈವುಡ್ಡಿನ ಕ್ಯಾಬಿನ್. ಅದಕ್ಕೆ ಗಾಜಿನ ಬಾಗಿಲು. ಕ್ಯಾಬಿನ್ನಿನಲ್ಲಿ ಒಬ್ಬರು ನಿಲ್ಲಬಹುದು, ಅಷ್ಟೇ. ತಲೆಯ ಮೇಲೆ ಪುಟ್ಟ ಫ್ಯಾನು, ಎದುರಿಗೆ ಮೀಟರ್ ಪೆಟ್ಟಿಗೆ. ಅದರಲ್ಲಿ ಕೆಂಪು ಅಂಕಿ ಓಡುತ್ತಿತ್ತು. ರಾತ್ರಿ 11ರ ಮೇಲೆ ಎಸ್‌ಟಿಡಿಗೆ ಕಾಲು ದರ. ಹಾಗಾಗಿ ಹತ್ತೂವರೆಗೇ ಜನ ಬಂದು ಬೆಂಚಿನ ಮೇಲೆ ಕೂತಿರುತ್ತಿದ್ದರು. ನಾನು ಅಪ್ಪನ ಪಕ್ಕದಲ್ಲಿ ಕೂತು ಬಿಲ್ಲು ಹರಿದು ಕೊಡುತ್ತಿದ್ದೆ.

ಭಾನುವಾರ ಒಬ್ಬ ಅಕ್ಕ ಬರುತ್ತಿದ್ದರು. ಅವರ ಗಂಡ ದುಬೈನಲ್ಲಿ ಕೆಲಸಕ್ಕಿದ್ದರು. ಕ್ಯಾಬಿನ್ನಿಗೆ ಹೋದ ಕೂಡಲೇ ನಮ್ಮ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಫೋನಿನ ಸುರುಳಿ ವೈರನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಮಾತು ನಮಗೆ ಕೇಳುತ್ತಿರಲಿಲ್ಲ. ಭುಜ ಅಲುಗುವುದು ಮಾತ್ರ ಕಾಣುತ್ತಿತ್ತು. ರಿಸೀವರ್ ಇಟ್ಟ ಮೇಲೂ ಒಂದು ಗಳಿಗೆ ಒಳಗೇ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, ಆಮೇಲೆ ಬಾಗಿಲು ತೆಗೆದು "ಎಷ್ಟಾಯ್ತು?" ಅಂತ ನಗುತ್ತಿದ್ದರು. ಆ ಒಂದು ಗಳಿಗೆಗೆ ಅಪ್ಪ ಯಾವತ್ತೂ ಅವಸರ ಮಾಡಲಿಲ್ಲ. ಸಾಲಿನಲ್ಲಿದ್ದವರೂ ಮಾಡಲಿಲ್ಲ.

ಇದನ್ನು ಯಾಕೆ ಮೊದಲು ಹೇಳಿದೆ ಅಂದರೆ, ಇವತ್ತು ನಾನು ಮಾತಾಡಬೇಕಾಗಿರುವುದು ಇದರ ಬಗ್ಗೆಯೇ. ಟೆಲಿಫೋನ್ ಬೂತ್ ಬಹಳ ವಿಚಿತ್ರವಾದ ಜಾಗ. ನಡುರಸ್ತೆಯಲ್ಲಿರುತ್ತದೆ, ಗಾಜಿನಿಂದ ಮಾಡಿರುತ್ತದೆ, ಎಲ್ಲರಿಗೂ ಕಾಣುತ್ತದೆ. ಆದರೂ ಒಳಗಿರುವವರು ಒಬ್ಬರೇ. ದೇವಸ್ಥಾನ, ಪಾರ್ಕು, ಅರಳಿಕಟ್ಟೆ, ಎಲ್ಲ ಹತ್ತು ಜನ ಸೇರುವ ಜಾಗಗಳು. ಬೀದಿಯಲ್ಲಿ ಒಬ್ಬರಿಗೋಸ್ಕರ ಕಟ್ಟಿದ ಕೋಣೆ ಇದೊಂದೇ. ಫೋನು ಹೋದ ಮೇಲೂ ಆ ಗುಣ ಹೋಗಿಲ್ಲ. ಹಳೇ ಬೂತಿನಲ್ಲಿ ಕಲೆ ಇಡುತ್ತೇವೆ ಅನ್ನುವವರು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಆ ಗುಣವನ್ನೇ ಅಂತ ನನಗನ್ನಿಸುತ್ತದೆ.

ನನ್ನ ತಂಗಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾಳೆ. ಅಲ್ಲಿಗೆ ಹೋಗಿದ್ದಾಗ ಒಂದು ದಿನ ಸೆಟಲ್ ಅನ್ನುವ ಸಣ್ಣ ಊರಿಗೆ ಕರಕೊಂಡು ಹೋದಳು. ರೈಲಿನಲ್ಲಿ ಒಂದು ಗಂಟೆ ದಾರಿ. ಯಾರ್ಕ್‌ಶೈರ್ ಬೆಟ್ಟಗಳ ಅಂಚಿನಲ್ಲಿ, ಕಲ್ಲಿನ ಮನೆಗಳ ಸಂತೆ ಊರು ಅದು. ಊರಿನ ಮೇಲುಗೇರಿಯಲ್ಲಿ ಒಂದು ಪುಟ್ಟ ಹಸಿರು ಬಯಲು. ಅಲ್ಲೊಂದು ಕೆಂಪು ಟೆಲಿಫೋನ್ ಪೆಟ್ಟಿಗೆ. ಅದರೊಳಗೆ ಒಂದು ಆರ್ಟ್ ಗ್ಯಾಲರಿ. 'ಗ್ಯಾಲರಿ ಆನ್ ದಿ ಗ್ರೀನ್' ಅಂತ ಹೆಸರು. ಶುರುವಾದದ್ದು 2009ರಲ್ಲಿ. ಪ್ರಪಂಚದಲ್ಲೇ ಚಿಕ್ಕ ಗ್ಯಾಲರಿ ಇದೇ ಇರಬೇಕು ಅಂತ ಅಲ್ಲಿಯವರು ಹೇಳಿಕೊಳ್ಳುತ್ತಾರೆ.

ನಾನು ಹೋದಾಗ ಸಣ್ಣಗೆ ಮಳೆ. ತೇಗದ ಚೌಕಟ್ಟಿನ ಬಾಗಿಲು ಒಳ್ಳೇ ಭಾರ. ಎಳೆದು ಒಳಗೆ ಹೋದೆ. ತಂಗಿ ಹೊರಗೆ ಕೊಡೆ ಹಿಡಿದು ನಿಂತಳು. ಇಬ್ಬರು ಹಿಡಿಸುವ ಜಾಗವಲ್ಲ ಅದು. ಬಾಗಿಲು ಹಾಕಿಕೊಂಡ ಮೇಲೆ ರಸ್ತೆಯ ಸದ್ದು ತಗ್ಗಿತು, ಮಳೆಯ ಸದ್ದು ಹತ್ತಿರವಾಯಿತು. ಚಿತ್ರಗಳು ನನ್ನ ಮುಖದಿಂದ ಒಂದು ಗೇಣು ದೂರ. ದೊಡ್ಡ ಮ್ಯೂಸಿಯಮ್ಮುಗಳಲ್ಲಿ ನಾನು ಚಿತ್ರದ ಮುಂದೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಹಿಂದೆ ಬರುವವರಿಗೆ ಅಡ್ಡವಾದೆನೇನೋ ಅಂತ ಜರುಗಿಬಿಡುತ್ತೇನೆ. ಇಲ್ಲಿ ಜರುಗಲು ಜಾಗವೇ ಇಲ್ಲ. ನೋಡಲೇಬೇಕು. ಹೊರಗೆ ಬಂದಾಗ ತಂಗಿ, "ಒಳಗೆ ಹೋಗಿ ಅಷ್ಟು ಹೊತ್ತು ಏನು ಮಾಡ್ತಿದ್ದೆ?" ಅಂದಳು. ಅಪ್ಪನ ಕ್ಯಾಬಿನ್ ನನಗೆ ನೆನಪಾದದ್ದು ಆಗ.

ಆ ಪೆಟ್ಟಿಗೆ ಊರಿನವರ ಕೈಗೆ ಬಂದದ್ದು ಹೀಗೆ. ಎಲ್ಲರ ಜೇಬಿಗೂ ಮೊಬೈಲ್ ಬಂದ ಮೇಲೆ ಬ್ರಿಟನ್ನಿನ ಬೀದಿ ಫೋನುಗಳಿಗೆ ಕೆಲಸ ಇಲ್ಲದಾಯಿತು. ಬ್ರಿಟಿಷ್ ಟೆಲಿಕಾಂ ಕಂಪನಿ ಅವನ್ನು ಕಿತ್ತು ಹಾಕಲು ಹೊರಟಿತು. ಹಳ್ಳಿಗಳವರು ನಮ್ಮ ಪೆಟ್ಟಿಗೆ ಮುಟ್ಟಬೇಡಿ ಅಂದರು. 2008ರಲ್ಲಿ ಒಂದು ದಾರಿ ಸಿಕ್ಕಿತು. ಕಂಪನಿ ಫೋನ್ ತೆಗೆದುಕೊಂಡು ಹೋಗುತ್ತದೆ, ಪೆಟ್ಟಿಗೆಯನ್ನು ಊರಿಗೇ ಬಿಡುತ್ತದೆ. ಬೆಲೆ 1 ಪೌಂಡ್. ಊರ ಪಂಚಾಯಿತಿಯೋ ನೋಂದಾಯಿತ ಸೇವಾ ಸಂಸ್ಥೆಯೋ ದತ್ತು ತೆಗೆದುಕೊಳ್ಳಬಹುದು. ಒಳಗಿನ ದೀಪಕ್ಕೆ ಬೇಕಾದ ಕರೆಂಟನ್ನು ಕಂಪನಿಯೇ ಕೊಡುತ್ತದೆ. ಹೀಗೆ 7000ಕ್ಕೂ ಹೆಚ್ಚು ಪೆಟ್ಟಿಗೆಗಳು ಊರುಗಳ ಪಾಲಾಗಿವೆ. ಸಾಮರ್ಸೆಟ್ಟಿನ ವೆಸ್ಟ್‌ಬರಿ-ಸಬ್-ಮೆಂಡಿಪ್ ಅನ್ನುವ ಹಳ್ಳಿಯವರು ತಮ್ಮದನ್ನು ಪುಸ್ತಕ ಬದಲಿಸಿಕೊಳ್ಳುವ ಲೈಬ್ರರಿ ಮಾಡಿದರು. ಬಹಳ ಕಡೆ ಹೃದಯ ನಿಂತಾಗ ಶಾಕ್ ಕೊಡುವ ಡಿಫಿಬ್ರಿಲೇಟರ್ ಯಂತ್ರ ಇಟ್ಟಿದ್ದಾರೆ. ಒಳ್ಳೇ ಕೆಲಸಗಳೇ.

ಆ ಕೆಂಪು ಪೆಟ್ಟಿಗೆಯ ಬಗ್ಗೆ ಒಂದು ಕತೆ ಇದೆ. ನನಗೆ ಬಹಳ ಇಷ್ಟವಾದದ್ದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅದನ್ನು ವಿನ್ಯಾಸ ಮಾಡಿದವರು ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ಅನ್ನುವ ವಾಸ್ತುಶಿಲ್ಪಿ. 1924ರಲ್ಲಿ ಒಂದು ಸ್ಪರ್ಧೆ ನಡೆಯಿತು, ಅದರಲ್ಲಿ ಅವರದು ಗೆದ್ದಿತು. ಅದಕ್ಕೆ ಇಟ್ಟ ಹೆಸರು ಕೆ-2. ಅದರ ಮರದ ಮಾದರಿ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಆರ್ಟ್ಸ್‌ನ ಹೆಬ್ಬಾಗಿಲ ಕಮಾನಿನ ಕೆಳಗೆ ಈಗಲೂ ನಿಂತಿದೆ. 1935ರಲ್ಲಿ ಐದನೇ ಜಾರ್ಜ್ ದೊರೆಯ ಬೆಳ್ಳಿ ಹಬ್ಬಕ್ಕೆ ಅಂತ ಅದನ್ನೇ ಚಿಕ್ಕದು ಮಾಡಿ, ಅಗ್ಗ ಮಾಡಿ ಕೆ-6 ರೂಪಿಸಿದರು. ನಾವು ಫೋಟೋಗಳಲ್ಲಿ ನೋಡುವುದು ಜಾಸ್ತಿ ಇದನ್ನೇ. ಎರಕದ ಕಬ್ಬಿಣ. ಉದ್ದ ಅಗಲ ಮೂರು ಮೂರು ಅಡಿ, ಎತ್ತರ ಎಂಟೂಕಾಲು ಅಡಿ. ತೂಕ ಮುಕ್ಕಾಲು ಟನ್ನಿನ ಹತ್ತಿರ. ಒಂದು ಬದಿಗೆ 8 ಸಾಲು, ಸಾಲಿಗೆ 3 ಗಾಜು. ನಡುವಿನದು ಅಗಲ, ಅಕ್ಕಪಕ್ಕದ್ದು ಕಿರಿದು. ಸುಮಾರು 60,000 ಕೆ-6 ಪೆಟ್ಟಿಗೆಗಳನ್ನು ಮಾಡಿದರು.

ಸ್ಕಾಟ್‌ಗೆ ಕೆಂಪು ಬೇಕಿರಲಿಲ್ಲ. ಹೊರಗೆ ಬೆಳ್ಳಿ ಬಣ್ಣ, ಒಳಗೆ ಹಸಿರು ನೀಲಿ ಇರಲಿ ಅಂದಿದ್ದರು. ಆಗ ಫೋನುಗಳನ್ನೂ ನೋಡಿಕೊಳ್ಳುತ್ತಿದ್ದ ಅಂಚೆ ಇಲಾಖೆ ದೂರದಿಂದ ಕಾಣಲಿ ಅಂತ ಕೆಂಪು ಬಳಿಯಿತು. ಹಳ್ಳಿಗಳವರಿಗೆ ಆ ಕೆಂಪು ಹಿಡಿಸಲಿಲ್ಲ. ನಮ್ಮ ಬೆಟ್ಟ, ನಮ್ಮ ಹೊಲದ ನೋಟ ಕೆಟ್ಟಿತು ಅಂತ ತಕರಾರು ತೆಗೆದರು. ಕೆಲವು ಕಡೆ ಬೂದು ಬಣ್ಣ ಬಳಿದು ಸಮಾಧಾನ ಮಾಡಬೇಕಾಯಿತು. ಯಾವುದನ್ನು ಬೇಡ ಅಂದರೋ ಅದನ್ನೇ ಅವರ ಮೊಮ್ಮಕ್ಕಳು ಉಳಿಸಿಕೊಳ್ಳಲು ಹೋರಾಡಿದರು. ಒಂದು ವಸ್ತು ಬೀದಿಯಲ್ಲಿ ನಿಂತು ನಿಂತು ಊರಿನದಾಗುತ್ತದೆ, ಅಲ್ವಾ? ಕೂಡಲೇ ಆಗುವುದಿಲ್ಲ.

ಇದೇ ಸ್ಕಾಟ್ ಇನ್ನೊಂದು ಕಟ್ಟಡ ಮಾಡಿದರು. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಬ್ಯಾಂಕ್‌ಸೈಡ್ ಪವರ್ ಸ್ಟೇಷನ್. ಭಾರಿ ಇಟ್ಟಿಗೆ ಕಟ್ಟಡ, ನಡುವೆ ಒಂದೇ ಚಿಮಣಿ. 1981ರಲ್ಲಿ ಅದು ನಿಂತುಹೋಯಿತು. 2000ದಲ್ಲಿ ಅದೇ ಕಟ್ಟಡ 'ಟೇಟ್ ಮಾಡರ್ನ್' ಅನ್ನುವ ಕಲಾ ಮ್ಯೂಸಿಯಂ ಆಗಿ ತೆರೆಯಿತು. ಅದರ ಟರ್ಬೈನ್ ಹಾಲ್ ಒಂದೇ 155 ಮೀಟರ್ ಉದ್ದ, 35 ಮೀಟರ್ ಎತ್ತರ. ಒಬ್ಬನೇ ವಾಸ್ತುಶಿಲ್ಪಿ. ಅವರ ಕೈಯ ದೊಡ್ಡ ಪೆಟ್ಟಿಗೆಯಲ್ಲಿ ಯಂತ್ರ ನಿಂತಿತು, ಕಲೆ ಬಂತು. ಪುಟ್ಟ ಪೆಟ್ಟಿಗೆಯಲ್ಲಿ ಫೋನು ನಿಂತಿತು, ಅಲ್ಲೂ ಕಲೆ ಬಂತು. ಟೇಟ್‌ನಲ್ಲಿ ನಾವು ಇರುವೆಯಷ್ಟು ಆಗುತ್ತೇವೆ. ಸೆಟಲ್‌ನಲ್ಲಿ ನಾವೇ ಕೋಣೆ ತುಂಬುತ್ತೇವೆ.

ಇಂಥ ಕಡೆ ಏನು ಇಡಬೇಕು? ಸೆಟಲ್‌ನಲ್ಲಿ ಕ್ವೀನ್ ಬ್ಯಾಂಡಿನ ಗಿಟಾರ್ ವಾದಕ ಬ್ರಿಯಾನ್ ಮೇ ಹಳೇ ಸ್ಟೀರಿಯೋ ಫೋಟೋಗಳನ್ನು ಇಟ್ಟಿದ್ದರು. ಸ್ಟೀರಿಯೋ ಫೋಟೋ ಅಂದರೆ ಒಂದೇ ದೃಶ್ಯದ ಎರಡು ಚಿತ್ರ ಅಕ್ಕಪಕ್ಕ ಇರುತ್ತದೆ. ಮಸೂರಕ್ಕೆ ಎರಡೂ ಕಣ್ಣು ಇಟ್ಟು ನೋಡಿದರೆ ದೃಶ್ಯ ಆಳವಾಗಿ ಎದ್ದು ಬರುತ್ತದೆ. ನೂರೈವತ್ತು ವರ್ಷಕ್ಕೂ ಹಿಂದಿನ ಆಟ. ಅದನ್ನು ಒಂದು ಸಲಕ್ಕೆ ಒಬ್ಬರೇ ನೋಡಬೇಕು. ಇಬ್ಬರು ನೋಡುವ ಹಾಗೇ ಇಲ್ಲ. ಒಬ್ಬರ ಕೋಣೆಯಲ್ಲಿ ಒಬ್ಬರ ಚಿತ್ರ. ಹೊಂದಿಕೆ ಅಂದರೆ ಇದು. ದೊಡ್ಡ ಕ್ಯಾನ್ವಾಸನ್ನು ಮಡಚಿ ತುರುಕಿದರೆ ಅದು ಗೋದಾಮು ಆಗುತ್ತದೆ.

ಬೂತನ್ನೇ ಕಲ್ಲು, ಮರದ ಹಾಗೆ ಸಾಮಗ್ರಿ ಮಾಡಿಕೊಂಡವರೂ ಇದ್ದಾರೆ. ಲಂಡನ್ನಿನ ಕಿಂಗ್‌ಸ್ಟನ್‌ನಲ್ಲಿ ಡೇವಿಡ್ ಮಾಕ್ ಅನ್ನುವ ಶಿಲ್ಪಿ 1989ರಲ್ಲಿ 12 ಕೆಂಪು ಪೆಟ್ಟಿಗೆಗಳನ್ನು ಡಾಮಿನೋ ಬಿಲ್ಲೆ ಬಿದ್ದ ಹಾಗೆ ಒಂದರ ಮೇಲೊಂದು ಒರಗಿಸಿದರು. ಸೊಗಸಾದ ಶಿಲ್ಪ. ಆದರೆ ಅದು ಮುಗಿದ ಕೆಲಸ. ಮುಂದಿನ ತಿಂಗಳು ಅದರಲ್ಲಿ ನಮ್ಮ ಬೀದಿಯ ಹುಡುಗಿಯ ಚಿತ್ರ ಬರುವುದಿಲ್ಲ.

ನನಗೆ ಜಾಸ್ತಿ ಹತ್ತಿರವಾಗುವುದು ಕಿವಿಯನ್ನು ಮರೆಯದ ಕೆಲಸಗಳು. ಬೂತ್ ಇದ್ದದ್ದು ಕೇಳಲು ತಾನೇ? 2017ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಅಮಾನ್ ಮೊಜಾದಿದಿ ಅನ್ನುವ ಕಲಾವಿದ ಮೂರು ಹಳೇ ಬೂತ್ ನಿಲ್ಲಿಸಿದರು. ಅವರು ಆಫ್ಘನ್ ಮೂಲದ ಅಮೆರಿಕನ್. ರಿಸೀವರ್ ಎತ್ತಿದರೆ ಒಂದು ದನಿ ಮಾತಾಡುತ್ತಿತ್ತು. ಬೇರೆ ಬೇರೆ ದೇಶಗಳಿಂದ ಬಂದು ನ್ಯೂಯಾರ್ಕಿನಲ್ಲಿ ನೆಲೆ ನಿಂತ 70 ಜನರ ಕತೆಗಳು. ಟೈಮ್ಸ್ ಸ್ಕ್ವೇರ್ ಅಂದರೆ ದೀಪ, ಜಾಹೀರಾತು, ಗದ್ದಲ. ಆ ಜಾತ್ರೆಯ ನಡುವೆ ಯಾರೋ ನಿಮ್ಮೊಬ್ಬರ ಕಿವಿಗೆ ಮಾತ್ರ, ನಾನು ನನ್ನ ಊರು ಬಿಟ್ಟದ್ದು ಹೀಗೆ ಅಂತ ಹೇಳುತ್ತಾರೆ. ಊರಿಂದ ದೂರ ಇರುವವರಿಗೆ ಫೋನ್ ಅಂದರೆ ಏನು ಅಂತ ನಮ್ಮ ಬೆಂಚಿನ ಮೇಲೆ ಕೂತವರಿಗೆ ಗೊತ್ತಿತ್ತು. ಅಲ್ಲಿಯವರಿಗೂ ಗೊತ್ತಿರಬೇಕು.

ಈಗ ಹೇಳುವುದು ಕಲೆ ಅಂತ ಶುರುವಾದದ್ದೇ ಅಲ್ಲ. ಜಪಾನಿನ ಇವಾತೆ ಪ್ರಾಂತ್ಯದ ಓತ್ಸುಚಿ ಊರು. ಇತಾರು ಸಸಾಕಿ ಅನ್ನುವವರು ತೋಟ ವಿನ್ಯಾಸ ಮಾಡುವವರು. ಅವರ ದಾಯಾದಿ ಒಬ್ಬರು ಕ್ಯಾನ್ಸರ್ ಆಗಿ ತೀರಿಕೊಂಡರು. 2010ರಲ್ಲಿ ಸಸಾಕಿ ತಮ್ಮ ತೋಟದಲ್ಲಿ ಒಂದು ಬಿಳಿ ಬೂತ್ ಇಟ್ಟು, ಕಪ್ಪು ಡಯಲ್ ಫೋನ್ ಇಟ್ಟರು. ವೈರ್ ಇಲ್ಲ, ಎಲ್ಲಿಗೂ ಸಂಪರ್ಕ ಇಲ್ಲ. ಹೋದವರ ಜೊತೆ ಮಾತಾಡಬೇಕು ಅನ್ನಿಸಿದಾಗ ಅದನ್ನು ಎತ್ತಿ ಮಾತಾಡುತ್ತಿದ್ದರು. ನನ್ನ ಮಾತನ್ನು ಗಾಳಿ ಒಯ್ಯುತ್ತದೆ ಅನ್ನುವುದು ಅವರ ಭಾವನೆ. ಗಾಳಿ ಫೋನು ಅಂತಲೇ ಅದಕ್ಕೆ ಹೆಸರಾಯಿತು. ಮರುವರ್ಷ, 2011ರ ಮಾರ್ಚ್ 11, ಸುನಾಮಿ ಬಂತು. ಆ ಒಂದು ಊರಿನಲ್ಲೇ ಸಾವಿರಕ್ಕೂ ಹೆಚ್ಚು ಜನ ಹೋದರು. ಬಹಳ ಜನರ ದೇಹವೂ ಸಿಗಲಿಲ್ಲ. ಸಸಾಕಿ ಆ ಬೂತನ್ನು ಎಲ್ಲರಿಗೂ ತೆರೆದರು. ಜನ ಬಂದರು. ಗಂಡನನ್ನು, ಮಗಳನ್ನು, ಅಪ್ಪನನ್ನು ಕಳಕೊಂಡವರು ಬಾಗಿಲು ಹಾಕಿಕೊಂಡು, ನೆನಪಿದ್ದ ನಂಬರ್ ತಿರುಗಿಸಿ ಮಾತಾಡಿದರು. ಹೊರಗಿನವರಿಗೆ ಕಾಣುತ್ತದೆ, ಕೇಳುವುದಿಲ್ಲ. ಅದನ್ನು ನೋಡಿ ಪ್ರಪಂಚದ ಎಷ್ಟೋ ಕಡೆ ಗಾಳಿ ಫೋನುಗಳು ಹುಟ್ಟಿವೆ. ಇದನ್ನು ಕಲೆ ಅನ್ನಬಹುದಾ ಅಂತ ನನ್ನ ವಿದ್ಯಾರ್ಥಿಯೊಬ್ಬ ಕೇಳಿದ್ದ. ನಾನು ಹೌದು ಅಂದೆ. ಇವತ್ತು ಕೇಳಿದರೂ ಹೌದು ಅಂತಲೇ ಹೇಳುತ್ತೇನೆ.

ಜಪಾನಿನದೇ ಇನ್ನೊಂದು ಪ್ರಸಂಗ ಹೇಳಬೇಕು, ಎಚ್ಚರಕ್ಕೆ. ನಾರಾ ಪ್ರಾಂತ್ಯದ ಯಮಾತೊಕೊರಿಯಾಮ ಊರು ಬಣ್ಣದ ಮೀನು ಸಾಕುವುದಕ್ಕೆ ಹೆಸರುವಾಸಿ. ಅಲ್ಲಿನ ಅಂಗಡಿ ಬೀದಿಯವರು ಒಂದು ಟೆಲಿಫೋನ್ ಬೂತ್ ತುಂಬ ನೀರು ತುಂಬಿ, ಚಿನ್ನದ ಬಣ್ಣದ ಮೀನು ಬಿಟ್ಟು ನಿಲ್ಲಿಸಿದ್ದರು. ಜನ ಮುಗಿಬಿದ್ದು ನೋಡಿದರು. ಆದರೆ ನೊಬುಕಿ ಯಮಾಮೊಟೊ ಅನ್ನುವ ಕಲಾವಿದರು ಅಂಥದ್ದನ್ನೇ ವರ್ಷಗಳ ಹಿಂದೆ ಮಾಡಿದ್ದರು. ರಿಸೀವರಿನಿಂದ ಗುಳ್ಳೆ ಏಳುವುದೂ ಸೇರಿ. ಅವರು ಕೋರ್ಟಿಗೆ ಹೋದರು. ಕೆಳಗಿನ ಕೋರ್ಟಿನಲ್ಲಿ ಸೋತರು. 2021ರ ಜನವರಿಯಲ್ಲಿ ಒಸಾಕಾ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟು, 5.5 ಲಕ್ಷ ಯೆನ್ ಪರಿಹಾರ ಕೊಡಿ ಅಂತು. ಊರಿಗೆ ಒಳ್ಳೆಯದಾಗಲಿ ಅಂತ ಮಾಡಿದ್ದು ಅನ್ನುವುದು ಕಲಾವಿದನ ಹೆಸರು ಬಿಡುವುದಕ್ಕೆ ಕಾರಣ ಆಗಬಾರದು. ಸಮುದಾಯದ ಕೆಲಸ ಅನ್ನುವ ಕಡೆಯೆಲ್ಲ ಈ ತಪ್ಪು ನಡೆಯುತ್ತದೆ. ಹೆಸರು ಹಾಕಿ. ಮೊದಲು ಕೇಳಿ.

ಈಗ ನಮ್ಮ ಕಡೆಗೆ ಬರೋಣ. ಯುರೋಪಿನದನ್ನು ಹಾಗೇ ಎತ್ತಿ ತರಲು ಆಗುವುದಿಲ್ಲ. ಕಾರಣ ಸರಳ. ಅವರ ಪೆಟ್ಟಿಗೆ ಬೀದಿಯಲ್ಲಿ ಒಂಟಿಯಾಗಿ ನಿಂತಿತ್ತು. ಕಾಸು ಹಾಕಿ ಮಾತಾಡುವುದು, ಹೋಗುವುದು. ನಮ್ಮ ಬೂತಿನಲ್ಲಿ ಒಬ್ಬ ಮನುಷ್ಯ ಕೂತಿರುತ್ತಿದ್ದ. 1984ರಲ್ಲಿ ಸಿ-ಡಾಟ್ ಅನ್ನುವ ಸರ್ಕಾರಿ ಟೆಲಿಫೋನ್ ಸಂಶೋಧನಾ ಸಂಸ್ಥೆ ಶುರುವಾಗಿ, ಎಂಜಿನಿಯರ್ ಸ್ಯಾಮ್ ಪಿತ್ರೋಡ ಮತ್ತು ಅವರ ಜೊತೆಗಾರರು ನಮ್ಮ ಧೂಳಿಗೆ, ನಮ್ಮ ಸೆಕೆಗೆ ತಡೆಯುವ ಸಣ್ಣ ಎಕ್ಸ್‌ಚೇಂಜ್‌ಗಳನ್ನು ಮಾಡಿದರು. ಆಮೇಲೆ ಊರೂರಲ್ಲಿ ಹಳದಿ ಬೋರ್ಡು ಬಂತು. ಬೂತ್ ಕೊಡುವಾಗ ಅಂಗವಿಕಲರಿಗೆ ಆದ್ಯತೆ ಇತ್ತು. ಎಷ್ಟೋ ಮನೆಗಳ ಒಲೆ ಅದರಿಂದ ಉರಿಯಿತು. ಮೊಬೈಲ್ ಬಂದಾಗ ನಮ್ಮಲ್ಲಿ ಹೋದದ್ದು ಪೆಟ್ಟಿಗೆ ಮಾತ್ರ ಅಲ್ಲ, ಒಂದು ಜೀವನ. ಕೆಲವರು ಜೆರಾಕ್ಸ್ ಇಟ್ಟರು, ಕೆಲವರು ರೀಚಾರ್ಜ್ ಮಾಡಿಕೊಟ್ಟರು, ಕೆಲವರು ಶಟರ್ ಎಳೆದರು. ಹಾಗಾಗಿ ಇಲ್ಲಿ ಯಾರಾದರೂ ಹಳೇ ಬೂತನ್ನು ಕಲೆಯ ಜಾಗ ಮಾಡುತ್ತೇನೆ ಅಂದರೆ, ಆ ಅಂಗಡಿಯವರನ್ನು ಬದಿಗಿಟ್ಟು ಮಾಡಬಾರದು. ಗೋಡೆಗೆ ಬಣ್ಣ ಬಳಿದು, ಫೋಟೋ ತೆಗೆಸಿಕೊಂಡು ಹೋಗುವುದು ಸುಲಭ. ಬೆಳಗ್ಗೆ ಬಾಗಿಲು ತೆಗೆಯುವವರು ಯಾರು, ಗಾಜು ಒರೆಸುವವರು ಯಾರು, ಅದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಸೆಟಲ್‌ನ ಗ್ಯಾಲರಿ ಇಷ್ಟು ವರ್ಷ ಉಳಿದದ್ದು ಊರಿನವರೇ ಸಂಬಳ ಇಲ್ಲದೆ ನೋಡಿಕೊಳ್ಳುವುದರಿಂದ.

ನಾವು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಅಪ್ಪನ ಕ್ಯಾಬಿನ್ ಚಿಕ್ಕಪ್ಪನ ಜೆರಾಕ್ಸ್ ಅಂಗಡಿಯ ಹಿಂದೆ ಪೊರಕೆ, ಬಕೆಟ್ ಇಡುವ ಜಾಗವಾಗಿತ್ತು. ಎರಡು ವರ್ಷದ ಹಿಂದೆ ಅದನ್ನು ತೊಳೆದು, ಅಂಗಡಿ ಜಗುಲಿಯ ಮೇಲೆ ನಿಲ್ಲಿಸಿದೆವು. ಮೊದಲ ಸಲ ಶಾಲೆಯ ಮಕ್ಕಳು ಸ್ಕೆಚ್ ಪೆನ್ನಿನಲ್ಲಿ ಬರೆದ ಮಳೆಯ ಚಿತ್ರಗಳನ್ನು ಹಾಕಿದೆ. ಪಶ್ಚಿಮಕ್ಕೆ ಮುಖ. ಮೂರು ವಾರಕ್ಕೆ ನೀಲಿ ಹೋಗಿ ಬೂದಿ ಬಣ್ಣವಾಯಿತು. ಗಾಜಿನೊಳಗೆ ಮಧ್ಯಾಹ್ನ ಕೈ ಇಡಲಾಗದಷ್ಟು ಕಾವು. ಮೈದಾ ಅಂಟಿಗೆ ಇರುವೆ ಬಂತು. ಒಬ್ಬ ಹುಡುಗ ತನ್ನ ಚಿತ್ರದ ಮುಂದೆ ನಿಂತು, "ಮಿಸ್, ನನ್ನ ಮಳೆ ಎಲ್ಲಿ?" ಅಂದ. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮಗು ನಂಬಿ ಕೊಟ್ಟಿದ್ದನ್ನು ನಾನು ಬಿಸಿಲಿಗೆ ಇಟ್ಟಿದ್ದೆ.

ಆಮೇಲೆ ಕ್ಯಾಬಿನ್ ತಿರುಗಿಸಿ ಉತ್ತರಕ್ಕೆ ಮುಖ ಮಾಡಿದೆವು. ಮೇಲೆ, ಕೆಳಗೆ ಎರಡೆರಡು ಬೆರಳು ಗಾಳಿ ಆಡಲು ಸಂದು ಬಿಟ್ಟು, ಜಾಲರಿ ಹೊಡೆದೆವು. ಅಸಲಿ ಚಿತ್ರ ಮಕ್ಕಳ ಹತ್ತಿರವೇ ಇರುತ್ತದೆ, ಒಳಗೆ ಪ್ರಿಂಟ್ ಹಾಕುತ್ತೇವೆ. ಅಂಟಿನ ಬದಲು ಬಟ್ಟೆ ಕ್ಲಿಪ್. ಫೋನ್ ರಿಪೇರಿ ಅಂಗಡಿಯ ಹುಡುಗ ಅಪ್ಪನ ಹಳೇ ಫೋನಿನೊಳಗೆ ಒಂದು ಪುಟ್ಟ ಆಡಿಯೋ ಪ್ಲೇಯರ್ ಕೂರಿಸಿಕೊಟ್ಟ. ರಿಸೀವರ್ ಎತ್ತಿದರೆ ಶುರು, ಇಟ್ಟರೆ ಬಂದ್. ಅದರಲ್ಲಿ ಊರಿನವರ ದನಿ ಇದೆ. ನೀವು ಎಸ್‌ಟಿಡಿ ಬೂತಿನಿಂದ ಮಾಡಿದ ಒಂದು ಫೋನಿನ ನೆನಪು ಹೇಳಿ ಅಂತ ಕೇಳಿದ್ದೆವು. ಕೆಲಸ ಸಿಕ್ಕಿತು ಅಂತ ಮನೆಗೆ ಹೇಳಿದವರಿದ್ದಾರೆ. ಹೆಣ್ಣು ಮಗು ಅಂತ ಆಸ್ಪತ್ರೆಯಿಂದ ಓಡಿ ಬಂದು ಹೇಳಿದವರಿದ್ದಾರೆ. ಲೈನ್ ಸಿಗದೆ ನಾಲ್ಕು ಗಂಟೆ ಕಾದು ವಾಪಸ್ ಹೋದವರಿದ್ದಾರೆ. ಒಂದೊಂದೂ ಎರಡು ನಿಮಿಷ. ಹೆಸರು ಹೇಳಿ ಅಂತ ಯಾರಿಗೂ ಒತ್ತಾಯ ಮಾಡಿಲ್ಲ.

ಆ ಭಾನುವಾರದ ಅಕ್ಕ ಅದೇ ಊರಿನಲ್ಲಿದ್ದಾರೆ. ನೀವೂ ಹೇಳ್ತೀರಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದರು. "ಅದು ಅವರಿಗೆ ಹೇಳಿದ್ದು ಕಣಮ್ಮ" ಅಂದರು. ನಾನು ಮತ್ತೆ ಕೇಳಲಿಲ್ಲ.

ಈ ತಿಂಗಳು ಒಳಗೆ ಏಳನೇ ತರಗತಿಯ ಒಬ್ಬ ಹುಡುಗಿ ಬಿಡಿಸಿದ ಹನ್ನೆರಡು ಚಿತ್ರಗಳಿವೆ. ಎಲ್ಲ ಅವಳ ಅಜ್ಜಿಯ ಕೈ. ಅವರೆಕಾಳು ಸುಲಿಯುವ ಕೈ, ಸೂಜಿಗೆ ದಾರ ಪೋಣಿಸುವ ಕೈ. ಪೋಸ್ಟ್‌ಕಾರ್ಡಿನಷ್ಟು ಚಿಕ್ಕವು, ಹತ್ತಿರ ಹೋದರೆ ಮಾತ್ರ ಕಾಣುತ್ತವೆ. ಕೀಲಿ ಎದುರಿನ ಹೂವಿನ ಅಂಗಡಿಯಲ್ಲಿರುತ್ತದೆ. ಬೆಳಗ್ಗೆ ಆರಕ್ಕೆ ಅವರೇ ತೆಗೆಯುತ್ತಾರೆ, ರಾತ್ರಿ ಎಂಟು ಗಂಟೆಗೆ ಅಂಗಡಿ ಮುಚ್ಚುವಾಗ ಬೀಗ ಹಾಕುತ್ತಾರೆ. ಆ ಕಡೆ ಬಂದರೆ ನೋಡಿ. ಚಪ್ಪಲಿ ಹೊರಗೆ ಬಿಡಿ, ಒಬ್ಬೊಬ್ಬರೇ ಹೋಗಿ. ಮುಂದಿನವರು ಬೆಂಚಿನ ಮೇಲೆ ಕೂತಿರಬಹುದು. ಬೆಂಚು ಹಳೇದೇ ಇದೆ.